ಕುಂಬಾರ ಹುಳದ ಮನೆ

ಕೇಳುಗರಿಗೆ ನಮಸ್ಕಾರ.

ಕಿಟಕಿಯ ಮೂಲೆಯಲ್ಲೋ ಸ್ವಿಚ್ ಬೋರ್ಡಿನ ಪಕ್ಕದಲ್ಲೋ ಕುಂಬಾರ ಹುಳ ಕಟ್ಟುವ ಗೂಡನ್ನು ನೀವು ನೋಡಿರುತ್ತೀರಿ. ಹೆಣ್ಣು ಹುಳ ಒದ್ದೆ ಮಣ್ಣಿನ ಉಂಡೆಯನ್ನು ಬಾಯಲ್ಲಿ ಕಚ್ಚಿ ತರುತ್ತದೆ, ತೆಳ್ಳನೆಯ ಪಟ್ಟಿಯಾಗಿ ಎಳೆದು ಅಂಚಿಗೆ ಅಂಟಿಸುತ್ತದೆ, ಮತ್ತೆ ಹಾರುತ್ತದೆ. ಪಟ್ಟಿಯ ಮೇಲೆ ಪಟ್ಟಿ ಕೂತು ಪುಟ್ಟ ಮಡಕೆಯಾಗುತ್ತದೆ. ಒಳಗೆ ಒಂದು ಮೊಟ್ಟೆ. ಮರಿಯ ಊಟಕ್ಕೆಂದು ಕುಟುಕಿ ಜಡಮಾಡಿದ ಒಂದಷ್ಟು ಹಸಿರು ಹುಳಗಳು. ಕೊನೆಗೆ ಬಾಯಿ ಮುಚ್ಚಿಬಿಡುತ್ತದೆ. ಅಚ್ಚೂ ಇಲ್ಲ, ನಕ್ಷೆಯೂ ಇಲ್ಲ.

ಇಟಲಿಯ ‘ವಾಸ್ಪ್’ ಎಂಬ ಸಂಸ್ಥೆಗೆ ಸ್ಫೂರ್ತಿಯಾದದ್ದು ಇದೇ ಹುಳ. ಅದು ವಾಸ್ತುಶಿಲ್ಪಿ ಮಾರಿಯೊ ಕುಚಿನೆಲ್ಲಾ ಅವರ ಜೊತೆಗೂಡಿ ಮಾಸ್ಸಾ ಲೊಂಬಾರ್ದಾ ಎಂಬ ಊರಿನಲ್ಲಿ ‘ಟೆಕ್ಲಾ’ ಎಂಬ ಪ್ರಯೋಗದ ಮನೆಯನ್ನು 2021ರಲ್ಲಿ ಮುಗಿಸಿತು. ಸುಮಾರು 60 ಚದರ ಮೀಟರಿನ ಮನೆ. ಕಂಪ್ಯೂಟರ್ ಹೇಳಿದಂತೆ ಯಂತ್ರದ ತೋಳು ಮಣ್ಣನ್ನು ಎಳೆಎಳೆಯಾಗಿ ಸುರಿಯುತ್ತಾ ಹೋಯಿತು. 12 ಮಿಲಿಮೀಟರ್ ದಪ್ಪದ 350 ವರಸೆಗಳು, ಯಂತ್ರದ ಕೆಲಸ ಸುಮಾರು 200 ಗಂಟೆ. ಮಣ್ಣಿಗೆ ಏನು ಬೆರೆಸಿದರು ಗೊತ್ತೇ? ಭತ್ತದ ಹೊಟ್ಟು!

ಮಂಡ್ಯದ ರೈಸ್‌ಮಿಲ್ಲುಗಳ ಹಿತ್ತಲಲ್ಲಿ ಗುಡ್ಡೆಯಾಗಿ ಬಿದ್ದಿರುವುದೂ ಅದೇ. ನಮ್ಮ ಹಿರಿಯರು ಮಣ್ಣಿಗೆ ಹುಲ್ಲು, ಹೊಟ್ಟು ಹಾಕಿ, ಕಾಲಲ್ಲಿ ತುಳಿದು, ಒಂದು ವರಸೆ ಒಣಗಿದ ಮೇಲೆ ಇನ್ನೊಂದು ವರಸೆ ಏರಿಸಿ ಗೋಡೆ ಎಬ್ಬಿಸುತ್ತಿದ್ದರು. ಹಾಗಾದರೆ ಕಂಪ್ಯೂಟರಿನಿಂದ ಹೊಸದಾಗಿ ಸಿಕ್ಕಿದ್ದೇನು? ಗೋಡೆಯ ಒಳಗಿನ ಲೆಕ್ಕ. ಟೆಕ್ಲಾದ ಗೋಡೆ ಗಟ್ಟಿ ಮುದ್ದೆಯಲ್ಲ, ಒಳಗೆ ಪೊಳ್ಳುಗಳಿವೆ. ಎಲ್ಲಿ ಎಷ್ಟು ಮಣ್ಣಿದ್ದರೆ ಬಿಸಿಲಿನ ಕಾವನ್ನು ಹಿಡಿದಿಡುತ್ತದೆ, ಎಲ್ಲಿ ಪೊಳ್ಳಿದ್ದರೆ ಅದನ್ನು ತಡೆಯುತ್ತದೆ, ಗಾಳಿ ಹೇಗೆ ಆಡಬೇಕು ಎಂಬುದನ್ನು ಆ ಜಾಗದ ಹವೆ ನೋಡಿ ತೀರ್ಮಾನಿಸುತ್ತಾರೆ. ಊರು ಬದಲಾದರೆ ಗೋಡೆಯೂ ಬದಲಾಗುತ್ತದೆ. ಜೀವಿಗಳಿಂದ ಕಲಿಯುವುದೆಂದರೆ ಇದೇ ಎಂದು ನಾನು ನಂಬುತ್ತೇನೆ. ಹೂವಿನ ಆಕಾರದ ಕಟ್ಟಡ, ಮೀನಿನ ಆಕಾರದ ಕಟ್ಟಡ ಬರೀ ವೇಷ.

ಈ ದಾರಿಯಲ್ಲಿ ಮೊದಲು ನಡೆದವರಲ್ಲಿ ಅಮೆರಿಕದ ವಾಸ್ತುಶಿಲ್ಪಿ ಗ್ರೆಗ್ ಲಿನ್ ಒಬ್ಬರು. 1990ರ ದಶಕದ ಕೊನೆಯಲ್ಲಿ ಅವರು ‘ಎಂಬ್ರಿಯೋಲಾಜಿಕಲ್ ಹೌಸ್’ ಎಂಬ ಯೋಜನೆ ಕೈಗೆತ್ತಿಕೊಂಡರು. ಭ್ರೂಣದಂತೆ ರೂಪ ತಳೆಯುವ ಮನೆ ಎನ್ನಬಹುದು. ಒಂದೇ ಕಟ್ಟು ನಿಯಮಗಳಿಂದ ಲೆಕ್ಕವಿಲ್ಲದಷ್ಟು ಮನೆಗಳು ಹುಟ್ಟಬಲ್ಲವು ಎಂದು ಕಂಪ್ಯೂಟರಿನಲ್ಲಿ ತೋರಿಸಿದರು. ಪ್ರತಿ ಮನೆಯ ಹೊರಮೈಗೂ 2048 ಫಲಕಗಳೇ, ಆದರೆ ಫಲಕದ ಅಳತೆ ಮತ್ತು ಬಾಗು ಬೇರೆ ಬೇರೆ. ಒಂದೇ ತಾಯಿಯ ಮಕ್ಕಳ ಮುಖದ ಹಾಗೆ. ಅವುಗಳಲ್ಲಿ ಒಂದೂ ವಾಸದ ಮನೆಯಾಗಿ ಏಳಲಿಲ್ಲ. ಮಾದರಿಗಳು, ಕಂಪ್ಯೂಟರ್ ಕಡತಗಳು ಮಾಂಟ್ರಿಯಲ್‌ನ ವಾಸ್ತುಶಿಲ್ಪ ಕೇಂದ್ರದ ಸಂಗ್ರಹದಲ್ಲಿವೆ. ಆದರೂ ಮೈಸೂರಿನ ಹೊಸ ಬಡಾವಣೆಗಳಲ್ಲಿ, ತರ್ಟಿ ಫಾರ್ಟಿ ಸೈಟುಗಳ ಸಾಲಿನಲ್ಲಿ, ಪೂರ್ವಕ್ಕೆ ಮುಖ ಮಾಡಿದ ಮನೆಗೂ ಪಶ್ಚಿಮದ ಬಿಸಿಲು ತಿನ್ನುವ ಮನೆಗೂ ಅದೇ ಪ್ಲಾನು ಕಂಡಾಗ, ಎಲ್ಲ ಮನೆಯೂ ಒಂದೇ ಥರ ಏಕಿರಬೇಕು ಎಂದು ಲಿನ್ ಎತ್ತಿದ ಪ್ರಶ್ನೆ ದೊಡ್ಡದೆನಿಸುತ್ತದೆ.

ಇಂಥ ಮನೆಗಳ ಫೋಟೋಗಳನ್ನು ಬಹುಪಾಲು ಹೊರಗಿನಿಂದ ತೆಗೆದಿರುತ್ತಾರೆ. ಬದುಕುವುದು ಒಳಗೆ. ಬಾಗಿದ ಗೋಡೆಗೆ ಬೀರುವನ್ನು ಹೇಗೆ ಒರಗಿಸುವುದು, ದೇವರ ಪಟ ಎಲ್ಲಿ ತೂಗುಹಾಕುವುದು ಎಂದು ಮನೆಯ ಹೆಂಗಸರು ಕೇಳಿದರೆ ಅದು ವಾಸ್ತುಶಿಲ್ಪದ ಪ್ರಶ್ನೆಯೇ. ಟೆಕ್ಲಾದಲ್ಲಿ ಇದಕ್ಕೆ ಒಂದು ಉತ್ತರವಿದೆ: ಪೀಠೋಪಕರಣಗಳಲ್ಲಿ ಕೆಲವು ಗೋಡೆಯ ಜೊತೆಜೊತೆಗೇ ಮಣ್ಣಿನಲ್ಲಿ ಬೆಳೆದಿವೆ. ಒಂದಕ್ಕೊಂದು ಕೂಡಿದ ಎರಡು ಗುಮ್ಮಟ, ನೆತ್ತಿಯಲ್ಲಿ ದುಂಡು ಬೆಳಕಂಡಿ. ಮೇಲಿಂದ ಇಳಿದ ಬೆಳಕು ವರಸೆವರಸೆಯ ಗೆರೆಗಳ ಮೇಲೆ ಜಾರುತ್ತದೆ.

ಆ ಬೆಳಕು ನಮಗೆ ಹೊಸದಲ್ಲ. ಮಂಡ್ಯ ಸೀಮೆಯ ಹಳೆಯ ತೊಟ್ಟಿಮನೆಗೆ ಕಾಲಿಟ್ಟು ನೋಡಿ. ಬೀದಿಯ ಉರಿಬಿಸಿಲಿನಿಂದ ಜಗಲಿಯ ನೆರಳಿಗೆ ಬರುತ್ತೀರಿ. ತಗ್ಗು ಬಾಗಿಲಲ್ಲಿ ತಲೆ ಬಾಗಿಸುತ್ತೀರಿ, ಅರೆಗಳಿಗೆ ಕಣ್ಣು ಕತ್ತಲೆಗಟ್ಟುತ್ತದೆ, ಮರುಕ್ಷಣ ತೊಟ್ಟಿಯಲ್ಲಿ ಆಕಾಶವೇ ತೆರೆದುಕೊಳ್ಳುತ್ತದೆ. ಕಾಲಡಿಯ ನೆಲ ತಣ್ಣಗಿದೆ. ಮಳೆ ಬಂದರೆ ನಾಲ್ಕೂ ಕಡೆಯ ಹೆಂಚಿನಿಂದ ನೀರು ಅಂಗಳಕ್ಕೇ ಸುರಿಯುತ್ತದೆ, ನೀವು ಕಂಬಕ್ಕೊರಗಿ ನೋಡುತ್ತಾ ಕೂರಬಹುದು. ಕಂಪ್ಯೂಟರಿಗೆ ಲೆಕ್ಕ ಒಪ್ಪಿಸುವಾಗ ಈ ಅನುಭವವನ್ನೂ ಒಪ್ಪಿಸಬೇಕು: ಎಷ್ಟು ಹೆಜ್ಜೆಗೆ ನೆರಳು, ಎಲ್ಲಿ ಬೆಳಕು, ಎಲ್ಲಿ ಮಳೆಯ ಸದ್ದು.

ಇಟಲಿಯ ಗುಮ್ಮಟವನ್ನು ಹಾಗೇ ಎತ್ತಿ ತಂದು ಇಲ್ಲಿ ಇಡುವುದು ಬೇಡ. ನಮ್ಮ ಮುಂಗಾರಿಗೆ ಮಣ್ಣಿನ ಗೋಡೆ ತಡೆಯಬೇಕಾದರೆ ಸೂರು ಉದ್ದಕ್ಕೆ ಚಾಚಿರಬೇಕು, ಅಡಿಪಾಯ ಕಲ್ಲಿನದಾಗಿ ನೆಲಮಟ್ಟದಿಂದ ಮೇಲಿರಬೇಕು, ಗೆದ್ದಲಿಗೂ ದಾರಿ ಸಿಗಬಾರದು. ಮೈಸೂರಿನಲ್ಲಿ ವಾಸ್ತುಶಿಲ್ಪ ಓದುತ್ತಿರುವ ಮಕ್ಕಳಿಗೆ ನನ್ನದೊಂದು ಕೋರಿಕೆ. ಮಣ್ಣಿನ ಗೋಡೆ ಕಟ್ಟಿ ಗೊತ್ತಿರುವ ಹಿರಿಯರು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಕೆಮ್ಮಣ್ಣಿಗೆ ಹೊಟ್ಟು ಎಷ್ಟು, ನೀರು ಎಷ್ಟು, ಎಷ್ಟು ಹೊತ್ತು ತುಳಿಯಬೇಕು ಎಂಬುದು ಅವರ ಕೈಗೆ, ಕಾಲಿಗೆ ಗೊತ್ತು. ಅವರನ್ನು ನಿಮ್ಮ ಕಂಪ್ಯೂಟರಿನ ಪಕ್ಕ ಕೂರಿಸಿಕೊಳ್ಳಿ. ಈ ಬೇಸಿಗೆಯಲ್ಲೇ ಒಂದಾಳೆತ್ತರದ ಗೋಡೆ ಎಬ್ಬಿಸಿ, ಒಂದು ಮಳೆಗಾಲ ಬಯಲಲ್ಲಿ ಬಿಟ್ಟು ನೋಡಿ.

ನಮಸ್ಕಾರ.