ಹಾಲಿನ ಲೆಕ್ಕದ ಪಕ್ಕದ ಪಾಸ್‌ವರ್ಡ್

ಎಲ್ಲರಿಗೂ ನಮಸ್ಕಾರ. ಹಿಂದೆ ಟಪ್ ಟಪ್ ಅಂತ ಕೇಳಿಸುತ್ತಿದೆಯಲ್ಲ, ಅದು ಮೈಕ್ ತೊಂದರೆ ಅಲ್ಲ. ಅಮ್ಮ, ಅಜ್ಜಿ ಕೂತುಕೊಂಡು ಅವರೆಕಾಳು ಹಿದುಕುತ್ತಿದ್ದಾರೆ. ಬೇಳೆ ಸ್ಟೀಲ್ ಬೇಸಿನ್‌ಗೆ ಬೀಳೋ ಸದ್ದು. ಒಂದು ಬೇಳೆ ಹಾರಿ ಬಂದು ಲೆನ್ಸ್‌ಗೇ ಬಡಿಯಿತು, ಇಗೋ, ಈ ಮೂಲೆಯಲ್ಲಿ ಕಲೆ ಕಾಣುತ್ತಿದೆ ನೋಡಿ. ಒರೆಸಿದೆ. ಹೋಗಲಿಲ್ಲ. ಇವತ್ತು ಹೀಗೇ ನೋಡಿ.

ಚಿಕ್ಕಬಳ್ಳಾಪುರದ ಬಾಡಿಗೆ ಮನೆ ಬಿಟ್ಟು ಗೌರಿಬಿದನೂರಿನ ಅಜ್ಜಿ ಮನೆಗೆ ಬಂದು ಹನ್ನೆರಡು ದಿನ ಆಯಿತು. ನಿನ್ನೆ ಹೊಸ ವೈಫೈ ಹಾಕಿಸಿದೆವು. ಫೋನ್, ಲ್ಯಾಪ್‌ಟಾಪ್ ಸರಿ ಇದೆ. ಈ ಎಕೋ ಡಾಟ್, ಅಂದರೆ ಮಾತು ಕೇಳಿ ಹಾಡು ಹಾಕೋ ಅಲೆಕ್ಸಾ ಸ್ಪೀಕರ್, ಒಂದು ಸ್ಮಾರ್ಟ್ ಬಲ್ಬು, ಒಂದು ಸ್ಮಾರ್ಟ್ ಪ್ಲಗ್ಗು, ಇವು ಮೂರೂ ಇನ್ನೂ ಹಳೇ ಮನೆ ವೈಫೈ ಹುಡುಕುತ್ತಾ ಕೂತಿವೆ. ಮಾರಿದ ಹಸು ಸಂಜೆ ಆದರೆ ಹಳೇ ಕೊಟ್ಟಿಗೆ ಮುಂದೆ ಹೋಗಿ ನಿಲ್ಲುತ್ತಲ್ಲ, ಹಾಗೆ.

ಸರಿಯಾದ ದಾರಿ ಮೊದಲು ಹೇಳಿಬಿಡುತ್ತೇನೆ, ಅದಕ್ಕೇ ಬಂದವರು ಕಾಯೋದು ಬೇಡ. ಫೋನಿನಲ್ಲಿ ಬ್ಲೂಟೂತ್, ಲೊಕೇಶನ್ ಎರಡೂ ಆನ್ ಇರಲಿ. ಸ್ಪೀಕರ್ ಮೇಲಿರುವ ಚುಕ್ಕಿ ಬಟನ್ ಒತ್ತಿ ಹಿಡಿಯಿರಿ. ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಅಲೆಕ್ಸಾ ಆಪ್‌ನಲ್ಲಿ ಹೊಸ ವೈಫೈ ಆರಿಸಿ, ಪಾಸ್‌ವರ್ಡ್ ಕೊಡಿ. ಮುಗೀತು. ಐದು ನಿಮಿಷದ ಕೆಲಸ.

ನನಗೆ ಆ ಐದು ನಿಮಿಷದ ಭಾಗ್ಯ ಇರಲಿಲ್ಲ. ಸ್ಪೀಕರ್ ಇರೋದು ನನ್ನ ತಮ್ಮನ ಅಕೌಂಟಿನಲ್ಲಿ. ಆಪ್ ಅವನ ಫೋನಿನಲ್ಲಿ. ಅವನು ಬೆಳಿಗ್ಗೆ ರೈಲಿಗೆ ಬೆಂಗಳೂರಿಗೆ ಹೋದವನು ಕಾಲೇಜಿನಲ್ಲಿ ಫೋನ್ ಸೈಲೆಂಟ್ ಮಾಡಿಕೊಂಡಿದ್ದಾನೆ. ಸಂಜೆವರೆಗೆ ಕಾಯಬಹುದಿತ್ತು. ಆದರೆ ಕ್ಯಾಮೆರಾ ಆನ್ ಮಾಡಿಬಿಟ್ಟಿದ್ದೆ.

ಇದು ಹಾಲ್. ಟಿವಿ ಮೇಲೆ ರೂಟರ್. ಸ್ಪೀಕರ್ ಇರೋದು ಅಡುಗೆಮನೆಯಲ್ಲಿ, ಅಲ್ಲಿಗೆ ಹತ್ತಿರ ಹಾಕಪ್ಪ ಅಂದರೆ ವೈರ್ ಹಾಕೋಕೆ ಬಂದ ಹುಡುಗ ಗೋಡೆ ತಟ್ಟಿ ನೋಡಿ, "ಕಲ್ಲು ಗೋಡೆ ಅಕ್ಕ, ಡ್ರಿಲ್ ಬಿಟ್ ಮುರಿಯುತ್ತೆ" ಅಂದ. ತಪ್ಪಿಲ್ಲ ಬಿಡಿ. ಈ ಗೋಡೆ ಅಗಲ ನೋಡಿ, ನನ್ನ ಮೊಳಕ್ಕಿಂತ ಜಾಸ್ತಿ. ಹಾಲ್‌ಗೂ ಅಡುಗೆಮನೆಗೂ ಮಧ್ಯೆ ಇಂಥವು ಎರಡು. ಬೇಸಿಗೆಯಲ್ಲಿ ಮನೆ ತಣ್ಣಗಿರುತ್ತದೆ, ವೈಫೈ ಕೂಡ ಇಲ್ಲೇ ತಣ್ಣಗಾಗಿಬಿಡುತ್ತದೆ.

ಆ ಹುಡುಗ ವೈಫೈಗೆ ಎರಡು ಹೆಸರು ಮಾಡಿಕೊಟ್ಟು ಹೋಗಿದ್ದಾನೆ. ಒಂದರ ಕೊನೆಯಲ್ಲಿ 5ಜಿ ಅಂತ ಇದೆ. ಅಮ್ಮ ಅದು ಮೊಬೈಲಿನ 5ಜಿ ಅಂದುಕೊಂಡು, "ಅದೇ ಒಳ್ಳೇದು, ಅದಕ್ಕೇ ಹಾಕೇ" ಅಂತಾರೆ. ಅದಲ್ಲ. ಅದು 5 ಗಿಗಾಹರ್ಟ್ಸ್, ಇನ್ನೊಂದು 2.4 ಗಿಗಾಹರ್ಟ್ಸ್, ವೈಫೈ ಅಲೆ ಎಷ್ಟು ಬೇಗ ಕಂಪಿಸುತ್ತೆ ಅನ್ನೋ ಲೆಕ್ಕ. 5ರದ್ದು ವೇಗ ಜಾಸ್ತಿ, ಆದರೆ ಗೋಡೆ ಅಡ್ಡ ಬಂದರೆ ಸೋಲುತ್ತದೆ. 2.4 ನಿಧಾನ, ಆದರೆ ಗೋಡೆ ದಾಟಿ ಬರುತ್ತದೆ. ಅಡುಗೆಮನೆಯಲ್ಲಿ ಫೋನ್ ಹಿಡಿದು ನೋಡಿದೆ, 5ರ ಹೆಸರೇ ಕಾಣಲ್ಲ. 2.4 ಎರಡು ಕಡ್ಡಿ. ಹಾಡು ಹಾಕೋ ಸ್ಪೀಕರ್‌ಗೆ ಎರಡು ಕಡ್ಡಿ ಸಾಕು. ಬಲ್ಬು, ಪ್ಲಗ್ಗುಗಳಲ್ಲಂತೂ ತುಂಬಾ ಜಾಸ್ತಿ 2.4 ಮಾತ್ರ ಹಿಡಿಯುವಂಥವು. ಕೊಳ್ಳುವಾಗ ಡಬ್ಬದ ಮೇಲೆ ಓದಿ.

ತಮಾಷೆ ಏನಂದರೆ ನಮ್ಮೂರ ಹತ್ತಿರವೇ ರೇಡಿಯೋ ದೂರದರ್ಶಕ ಇದೆ. ಗೌರಿಬಿದನೂರು ರೇಡಿಯೋ ವೀಕ್ಷಣಾಲಯ, 1970ರ ದಶಕದ್ದು. ದೂರದರ್ಶಕ ಅಂದರೆ ಗುಮ್ಮಟ, ಗಾಜು ಏನೂ ಇಲ್ಲ. ಬಟ್ಟೆ ಒಣಗಿಸೋಕೆ ಕಂಬ ನೆಟ್ಟ ಹಾಗೆ ಸಾಲು ಸಾಲು ಆಂಟೆನಾ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1000 ಆಂಟೆನಾ, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ಸದ್ದು ಹಿಡಿಯಲು ಕಟ್ಟಿದ್ದು. ಆ ಅಲೆ ಒಂದೊಂದೂ ಸುಮಾರು 8.7 ಮೀಟರ್ ಉದ್ದ. ನಮ್ಮ ವೈಫೈದು 2.4ರಲ್ಲಿ ಹನ್ನೆರಡೂವರೆ ಸೆಂಟಿಮೀಟರ್, 5ರಲ್ಲಿ ಬರೀ ಆರು. ಅಲೆ ಸಣ್ಣದಾದಷ್ಟೂ ಕಲ್ಲು ದಾಟೋದು ಕಷ್ಟ. ಆ ಕಡೆ ನಕ್ಷತ್ರಗಳ ಮಧ್ಯದಿಂದ ಬಂದ ಸದ್ದು ಕೇಳಿಸಿಕೊಂಡಿದ್ದಾರೆ, ಈ ಕಡೆ ಹಾಲ್‌ನಿಂದ ಅಡುಗೆಮನೆಗೆ ಕೇಳಿಸಲ್ಲ. ಸರಿ, ಶಾಟ್ ಬದಲಾಯಿತು, ವಿಷಯಕ್ಕೆ ಬರೋಣ.

ಆಪ್ ಇಲ್ಲದೆ ಮಾಡೋಕೆ ಒಂದು ಉಪಾಯ ಇದೆ. ಸ್ಪೀಕರ್‌ಗೆ ಹೊಸ ವೈಫೈ ಕಲಿಸೋದು ಬೇಡ, ಹೊಸ ರೂಟರ್‌ಗೇ ಹಳೇ ಹೆಸರು, ಹಳೇ ಪಾಸ್‌ವರ್ಡ್ ಇಟ್ಟುಬಿಡೋದು. ಹಳೇ ಮನೆಗೇ ಬಂದೆವು ಅಂದುಕೊಂಡು ಮೂರೂ ತಾವಾಗೇ ಸೇರಿಕೊಳ್ಳುತ್ತವೆ. ಬ್ರೌಸರ್‌ನಲ್ಲಿ 192.168.1.1 ಅಂತ ಹೊಡೆದರೆ ನಮ್ಮ ರೂಟರ್ ಪುಟ ಬರುತ್ತದೆ. ನಿಮ್ಮದು ಬೇರೆ ಇರಬಹುದು, ರೂಟರ್ ಕೆಳಗೆ ಚೀಟಿ ಅಂಟಿಸಿರುತ್ತಾರೆ, ನೋಡಿ. 2.4ಕ್ಕೆ ಹಳೇ ಹೆಸರು ಕೊಟ್ಟೆ. ದೊಡ್ಡಕ್ಷರ, ಚಿಕ್ಕಕ್ಷರ, ಮಧ್ಯದ ಜಾಗ, ಒಂದೂ ಆಚೀಚೆ ಆಗಬಾರದು. ಸೆಕ್ಯುರಿಟಿ, ಅಂದರೆ ವೈಫೈಗೆ ಹಾಕೋ ಬೀಗದ ಬಗೆ, ಡಬ್ಲ್ಯೂಪಿಎ2. ಹಳೇ ಬಲ್ಬು ಅದಕ್ಕಿಂತ ಹೊಸದಾದ ಡಬ್ಲ್ಯೂಪಿಎ3 ಅಂದರೆ ಮುಖ ತಿರುಗಿಸಬಹುದು.

ಪಾಸ್‌ವರ್ಡ್?

ಇಲ್ಲೇ ನೋಡಿ ನನ್ನ ಮಧ್ಯಾಹ್ನ ಪೂರ್ತಿ ಹೋಗಿದ್ದು. ಮೂರು ವರ್ಷದ ಹಿಂದೆ ಇಟ್ಟಿದ್ದು ನಾನೇ. ಆಮೇಲೆ ಒಂದು ಸಲವೂ ಟೈಪ್ ಮಾಡಿಲ್ಲ. ನನ್ನ ಹಳೇ ಫೋನ್ ಹೋದ ವರ್ಷ ನೀರಿನ ಸಂಪಿನೊಳಗೆ ಬಿತ್ತು, ಅದರ ಜೊತೆ ಅದೂ ಹೋಯಿತು. ಬರೆದಿಟ್ಟಿದ್ದು ನೆನಪಿದೆ. ಎಲ್ಲಿ? ಹಳೇ ಮನೆ ಅಡುಗೆಮನೆ ಬಾಗಿಲ ಹಿಂದೆ, ಪೆನ್ಸಿಲ್‌ನಲ್ಲಿ, ಗೋಡೆ ಮೇಲೆ.

ಓನರ್ ಆಂಟಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಇನ್ನೂ ಸುಣ್ಣ ಹೊಡೆಸಿರಲಿಲ್ಲ. ಕನ್ನಡಕ ಹುಡುಕೋಕೆ ಹತ್ತು ನಿಮಿಷ. ಆಮೇಲೆ ಆ ಮನೆ ಬೀಗದಕೈ ಹುಡುಕೋಕೆ ಇನ್ನೊಂದಿಷ್ಟು. ಆಮೇಲೆ ಶುರುವಾಯಿತು.

"ಎಂ ಇದೆ ಕಣಮ್ಮ, ಎಂ ಫಾರ್ ಮಂಚೇನಹಳ್ಳಿ."

"ದೊಡ್ಡ ಎಂಆ, ಚಿಕ್ಕದಾ ಆಂಟಿ?"

"ಸುಮಾರಾಗಿದೆ."

ಸುಮಾರಾದ ಎಂ. ಇದನ್ನ ಯಾವ ಕೀಬೋರ್ಡಿನಲ್ಲಿ ಹೊಡೆಯಲಿ, ಹೇಳಿ. ಮುಂದೆ ಒಂದು ಗುಂಡಗಿನ ಅಕ್ಷರ ಬಂತು. ಸೊನ್ನೆನಾ, ಓನಾ ಅಂತ ಕೇಳಿದೆ. "ಗುಂಡಗಿದೆ, ಅಷ್ಟೇ ನನಗೆ ಕಾಣೋದು" ಅಂದರು. ಆಮೇಲೆ ಅಂಕಿಗಳು. ಅವು ಬಂದೇ ಬಂದವು. ಒಂಬತ್ತು, ನಾಲ್ಕು, ಏನೇನೋ, ಆಮೇಲೆ ಎರಡು, ಎರಡು, ಒಂದು, ಎರಡು, ಅಡ್ಡಗೆರೆ, ಮೂರು. ನಾನು ಬರೆದುಕೊಳ್ಳುತ್ತಲೇ ಇದ್ದೆ. ಅಡ್ಡಗೆರೆ ಅಂದಾಗ ಅನುಮಾನ ಬಂತು. "ಆಂಟಿ, ಅದರ ಮೇಲೆ ಏನಾದರೂ ಬರೆದಿದೆಯಾ?" ಅಂದೆ.

"ಹಾಲು ಅಂತ ಇದೆ ಕಣಮ್ಮ."

ಅಮ್ಮನ ಹಾಲಿನ ಲೆಕ್ಕ! ಅರ್ಧ ಲೀಟರ್ ಪ್ಯಾಕೆಟ್ ಎಷ್ಟು ತಗೊಂಡೆವು ಅಂತ ದಿನಾ ಗೋಡೆ ಮೇಲೆ ಬರೆಯುತ್ತಿದ್ದರು. ಅಡ್ಡಗೆರೆ ಅಂದರೆ ಆವತ್ತು ತಗೊಂಡಿಲ್ಲ. ಪಾಸ್‌ವರ್ಡ್ ಎಲ್ಲಿ ಮುಗಿಯುತ್ತೆ, ಹಾಲು ಎಲ್ಲಿ ಶುರುವಾಗುತ್ತೆ ಅಂತ ಕೇಳಿದರೆ ಆಂಟಿ, "ಎಲ್ಲಾ ಒಂದೇ ಕೈಬರಹ ಥರ ಇದೆ" ಅಂದುಬಿಟ್ಟರು. ಅಮ್ಮನನ್ನ ಕೇಳಿದೆ. ಅವರು ಅವರೆಕಾಳಿನಿಂದ ತಲೆ ಎತ್ತದೆ, "ಅವನಿಗೆ ಇನ್ನೂ ಎರಡು ಪ್ಯಾಕೆಟ್ ದುಡ್ಡು ಕೊಡಬೇಕು" ಅಂದರು. ಅದಲ್ಲಮ್ಮ ನಾನು ಕೇಳಿದ್ದು!

ಫೋಟೋ ಕಳಿಸಿ ಅಂತ ಕೇಳಬೇಕಿತ್ತು ಅಲ್ವಾ? ಕೇಳಿದೆ. ಅವರದು ಬಟನ್ ಫೋನು.

ಇದರಲ್ಲಿ ಇನ್ನೊಂದು ಕಿರಿಕಿರಿ ಇದೆ. ಎಂಟು ಅಕ್ಷರಕ್ಕಿಂತ ಕಡಿಮೆ ಇಲ್ಲದಿದ್ದರೆ ಸರಿ, ರೂಟರ್ ನೀವು ಏನು ಕೊಟ್ಟರೂ ತಗೊಳ್ಳುತ್ತದೆ. ತಪ್ಪು ಅಂತ ಹೇಳಲ್ಲ. ಅದಕ್ಕೇನು ಗೊತ್ತು ಹಳೇದು ಏನಿತ್ತು ಅಂತ? ತಪ್ಪೋ ಸರಿಯೋ ಗೊತ್ತಾಗೋದು ಸ್ಪೀಕರ್ ಸೇರಿಕೊಂಡಾಗ ಮಾತ್ರ. ಅಂದರೆ ಪ್ರತಿ ಸಲ ಬದಲಾಯಿಸು, ಸೇವ್ ಮಾಡು, ವೈಫೈ ಬಿದ್ದು ಏಳುವವರೆಗೆ ಕಾಯಿ, ನನ್ನ ಫೋನ್ ಮತ್ತೆ ಸೇರಿಸು, ಅಡುಗೆಮನೆಗೆ ಓಡು. ದೊಡ್ಡ ಎಂ, ಚಿಕ್ಕ ಎಂ. ಸೊನ್ನೆ, ಓ. ಆರು ಅಂಕಿ, ಐದು ಅಂಕಿ. ಒಂಬತ್ತು ಸಲ ಮಾಡಿದೆ. ವೇಗ ಜಾಸ್ತಿ ಮಾಡಿ ತೋರಿಸುತ್ತಿದ್ದೇನೆ, ಆದರೂ ನನ್ನ ಮುಖ ನೋಡಿ. ಏಳನೇ ಸಲಕ್ಕೆ ಈ ಸ್ಪೀಕರ್ ಮಾರಿಬಿಡೋಣ, ಒಂದು ರೇಡಿಯೋ ಸಾಕು ಅಂತ ತೀರ್ಮಾನ ಮಾಡಿದ್ದೆ. ನಿಜವಾಗಲೂ.

ಸಂಜೆ ತಮ್ಮ ಬಂದ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ, ಕಥೆ ಹೇಳಿದೆ. ಫೋನ್ ತೆಗೆದ. ಸೆಟ್ಟಿಂಗ್ಸ್, ವೈಫೈ, ಸೇವ್ ಆಗಿರೋ ನೆಟ್‌ವರ್ಕ್‌ಗಳು, ಹಳೇ ಹೆಸರು, ಶೇರ್. ಒಂದು ಕ್ಯೂಆರ್ ಕೋಡ್ ಬಂತು. ಅದರ ಕೆಳಗೆ ಪಾಸ್‌ವರ್ಡ್, ಅಚ್ಚುಕಟ್ಟಾಗಿ. ಕೆಲವು ಫೋನಿನಲ್ಲಿ ಬರೀ ಕೋಡ್ ಬರುತ್ತದೆ, ಇನ್ನೊಂದು ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು. ಮನೆಯಲ್ಲಿ ಯಾರ ಫೋನ್ ಹಳೇ ವೈಫೈ ಬಳಸಿತ್ತೋ ಅವರದನ್ನ ಮೊದಲು ನೋಡಿ. ಓನರ್ ಆಂಟಿಗೆ ಆಮೇಲೆ ಫೋನ್ ಮಾಡಿ.

ನಾಲ್ಕೇ ಅಂಕಿ. ಐದನೆಯದು ಸೋಮವಾರದ ಹಾಲು. ಎಂ ದೊಡ್ಡದು.

ಈಗ ನೋಡಿ, ನಾನು ಏನೂ ಮುಟ್ಟುತ್ತಿಲ್ಲ. ಹೊಸ ಪಾಸ್‌ವರ್ಡ್, ಅಂದರೆ ಹಳೇದು, ಸೇವ್ ಮಾಡಿದೆ. ಒಂದು ನಿಮಿಷ... ಪ್ಲಗ್ಗಿನ ದೀಪ ಮಿಣುಕೋದು ನಿಂತಿತು. ಬಲ್ಬು ಬಂತು. ಅಲೆಕ್ಸಾ, ವಾಟ್ ಟೈಮ್ ಈಸ್ ಇಟ್? ಹೇಳಿತು! ಮಾರಲ್ಲ ಬಿಡಿ, ಇರಲಿ.

ಒಂದು ಮಾತು. ನೀವು ಮನೆ ಬದಲಾಯಿಸದೆ ರೂಟರ್ ಮಾತ್ರ ಬದಲಾಯಿಸಿದ್ದೀರಿ, ಹಳೇ ಪಾಸ್‌ವರ್ಡ್ ಅಕ್ಕಪಕ್ಕದ ಮನೆಯವರಿಗೆಲ್ಲ ಗೊತ್ತು ಅಂದರೆ ಈ ಉಪಾಯ ಬೇಡ. ಹೊಸದು ಇಟ್ಟು ಒಂದೊಂದನ್ನೇ ಸೇರಿಸಿ. ನಮ್ಮದು ಗೊತ್ತಿರೋದು ಚಿಕ್ಕಬಳ್ಳಾಪುರದ ಒಂದು ಗೋಡೆಗೆ.

ಅಜ್ಜಿ ಎದ್ದು ಬಂದರು. "ಏಮ್ಮಾ, ದೇವರ ಹಾಡು ಹಾಕು" ಅಂತ ಸ್ಪೀಕರ್‌ಗೇ ಹೇಳಿದರು. ಅರ್ಧ ತೆಲುಗು, ಅರ್ಧ ಕನ್ನಡ, ನಮ್ಮ ಕಡೆ ಹಾಗೇ. ಅದಕ್ಕೆ ಇಂಗ್ಲಿಷ್ ಬರುತ್ತೆ, 2019ರಿಂದ ಹಿಂದಿ ಬರುತ್ತೆ. ಅಜ್ಜಿ ಎರಡು ಸಲ ಕರೆದರು. ಆಮೇಲೆ ನನ್ನ ಕಡೆ ತಿರುಗಿ, "ಕಿವಿ ಕೇಳಿಸಲ್ವಾ ಇದಕ್ಕೆ?" ಅಂತ ಕೇಳಿ, ಅದರ ವೈರ್ ಕಿತ್ತು ಅದೇ ಜಾಗಕ್ಕೆ ಮಿಕ್ಸಿ ಹಾಕಿದರು. ಹಿದುಕಿದ ಬೇಳೆ ಸಾರಿಗೆ ಕಾಯಿ ರುಬ್ಬಬೇಕಂತೆ.

ಅಡುಗೆಮನೆಯಲ್ಲಿರೋದು ಒಂದೇ ಸಾಕೆಟ್. ಅಯ್ಯೋ, ಬ್ಯಾಟರಿ ಕೆಂಪು ತೋರಿಸುತ್ತಿದೆ, ಮಿಕ್ಸಿ ಸದ್ದಿನಲ್ಲಿ ನನ್ನ ಮಾತೂ ಕೇಳಲ್ಲ. ಸಾರು ಆದಮೇಲೆ ಸಿಗ್ತೀನಿ.