ಕ್ರೋಮಿಯಂ ಮಾತ್ರೆ ಯಾರಿಗೆ ಬೇಕು?

ಕೇಳುಗರೆಲ್ಲರಿಗೂ ನಮಸ್ಕಾರ. ನಲ್ಲಿಗೆ, ಬೈಕಿನ ಹ್ಯಾಂಡಲ್‌ಗೆ ಫಳಫಳ ಹೊಳಪು ಕೊಡುವ ಲೋಹ ಗೊತ್ತಲ್ಲ, ಕ್ರೋಮಿಯಂ? ಅದೇ ಕ್ರೋಮಿಯಂ ಈಗ ಮಾತ್ರೆಯಾಗಿಯೂ ಸಿಗುತ್ತದೆ. ಹೆದರಬೇಡಿ, ಲೇಪನದ ಕಾರ್ಖಾನೆಯಲ್ಲಿ ಬಳಸುವ ವಿಷದ ಕ್ರೋಮಿಯಂ ಬೇರೆ ರೂಪದ್ದು, ಮಾತ್ರೆಯಲ್ಲಿರುವುದು ಬೇರೆ ರೂಪದ್ದು. ಶುಗರ್ ಇರುವ ಎಷ್ಟೋ ಜನ ಈ ಡಬ್ಬಿ ಹಿಡಿದುಕೊಂಡೇ ನನ್ನ ಎದುರು ಕೂರುತ್ತಾರೆ. "ಡಾಕ್ಟ್ರೇ, ಇದನ್ನ ತಗೊಳ್ಳಲಾ?"

ನನ್ನ ಉತ್ತರ ಒಂದೇ. ಮೈಯಲ್ಲಿ ಕ್ರೋಮಿಯಂ ಕೊರತೆ ಇದ್ದರೆ ತಗೊಳ್ಳಿ. ನಿಮಗೆ ಆ ಕೊರತೆ ಇಲ್ಲ. ಅಷ್ಟೇ.

ಇಷ್ಟಕ್ಕೆ ಯಾರೂ ಎದ್ದು ಹೋಗುವುದಿಲ್ಲ ಅನ್ನಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಊಟದಿಂದ ಬಂದ ಸಕ್ಕರೆ ರಕ್ತದಲ್ಲಿ ಓಡಾಡುತ್ತಿರುತ್ತದೆ. ಇನ್ಸುಲಿನ್ ಹೋಗಿ ಜೀವಕೋಶದ ಬಾಗಿಲು ತಟ್ಟುತ್ತದೆ. ಬಾಗಿಲು ತೆರೆದರೆ ಸಕ್ಕರೆ ಒಳಗೆ ಹೋಗುತ್ತದೆ. ಬಾಗಿಲು ತಟ್ಟಿದ ಸದ್ದು ಒಳಗೆ ಚೆನ್ನಾಗಿ ಕೇಳಿಸುವಂತೆ ಮಾಡುವುದು ಕ್ರೋಮಿಯಂ ಅಂತ ಒಂದು ವಾದ ಇದೆ. ಇದು ಶುರುವಾದದ್ದು ಇಲಿಗಳಿಂದ. 1957ರಲ್ಲಿ ಕ್ಲೌಸ್ ಶ್ವಾರ್ಟ್ಸ್ ಮತ್ತು ವಾಲ್ಟರ್ ಮೆರ್ಟ್ಸ್ ಅನ್ನುವ ಇಬ್ಬರು ವಿಜ್ಞಾನಿಗಳು ಇಲಿಗಳಿಗೆ ಒಂದು ಬಗೆಯ ಯೀಸ್ಟ್ ತಿನ್ನಿಸಿದರು. ಅವುಗಳ ಮೈಗೆ ಸಕ್ಕರೆ ಸಂಭಾಳಿಸಲು ಆಗಲಿಲ್ಲ. ಬಿಯರ್ ಮಾಡುವ ಯೀಸ್ಟ್ ಕೊಟ್ಟಾಗ ಸರಿಹೋಯಿತು. ಅದರೊಳಗಿನ ಮದ್ದು ಕ್ರೋಮಿಯಂ ಅಂತ 1959ರಲ್ಲಿ ಹೇಳಿದರು.

ಇಲಿ ಬಿಡಿ, ಮನುಷ್ಯರ ಕಥೆ ಹೇಳುತ್ತೇನೆ. ನನಗೆ ಬಹಳ ಇಷ್ಟವಾದ ಕಥೆ ಇದು. ಕೆನಡಾದ ಟೊರೊಂಟೊದಲ್ಲಿ ಒಬ್ಬ ಹೆಂಗಸು ಇದ್ದರು. ಅವರ ಕರುಳನ್ನು ಆಪರೇಷನ್ ಮಾಡಿ ತೆಗೆಯಬೇಕಾಗಿ ಬಂದಿತ್ತು. ಬಾಯಿಂದ ತಿಂದದ್ದು ಮೈಗೆ ಹತ್ತುವ ದಾರಿಯೇ ಇಲ್ಲ. ಎಲ್ಲ ಆಹಾರವೂ ರಕ್ತನಾಳದ ಮೂಲಕವೇ. ಒಂದು ವಾರವಲ್ಲ, ಎರಡು ವಾರವಲ್ಲ, ಮೂರೂವರೆ ವರ್ಷ! ಸಕ್ಕರೆ, ಪ್ರೋಟೀನು, ಕೊಬ್ಬು, ವಿಟಮಿನ್ ಎಲ್ಲ ಲೆಕ್ಕ ಹಾಕಿ ಬಾಟಲಿಯಲ್ಲಿ ಹಾಕುತ್ತಿದ್ದರು. ಆದರೂ ಅವರು ಸೊರಗುತ್ತಾ ಬಂದರು. ತೂಕ ಇಳಿಯಿತು. ಕಾಲಿನ ನರಗಳು ಕೆಲಸ ಮರೆತವು, ನಡೆಯುವಾಗ ತೂರಾಡತೊಡಗಿದರು. ರಕ್ತದಲ್ಲಿ ಸಕ್ಕರೆ ಏರಿತು. ದಿನಕ್ಕೆ 45 ಯೂನಿಟ್ ಇನ್ಸುಲಿನ್ ಕೊಟ್ಟರು. ಸಕ್ಕರೆ ಹೆಚ್ಚುಕಡಿಮೆ ಹತೋಟಿಗೆ ಬಂತು, ಆದರೆ ಮೂಲ ತೊಂದರೆ ಹೋಗಲಿಲ್ಲ.

ಅವರನ್ನು ನೋಡುತ್ತಿದ್ದ ಡಾಕ್ಟರ್ ಜೀಜೀಭಾಯ್ ಮತ್ತು ಅವರ ತಂಡ ತಲೆ ಕೆರೆದುಕೊಂಡರು. ಬಾಟಲಿಯಲ್ಲಿ ಎಲ್ಲ ಇದೆ, ಇಲ್ಲದಿರುವುದು ಏನು? ಕ್ರೋಮಿಯಂ! ದಿನಕ್ಕೆ 250 ಮೈಕ್ರೊಗ್ರಾಂ ಸೇರಿಸಿದರು. ಮೈಕ್ರೊಗ್ರಾಂ ಅಂದರೆ, ಒಂದು ಗ್ರಾಂ ಪುಡಿಯನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಂಥ 250 ಪಾಲು. ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಎರಡು ವಾರ ಕಳೆಯಿತು. ಇನ್ಸುಲಿನ್ ಬೇಡವೇ ಆಯಿತು. ಆಮೇಲೆ ನಿಧಾನಕ್ಕೆ ನರಗಳೂ ಚೇತರಿಸಿಕೊಂಡು ನಡಿಗೆ ಸರಿಯಾಯಿತು. 1977ರಲ್ಲಿ ಇದು ಪ್ರಕಟವಾಯಿತು. ಈಗ ರಕ್ತನಾಳದಿಂದ ಆಹಾರ ಪಡೆಯುವವರ ಬಾಟಲಿಗೆ ಸಾಮಾನ್ಯವಾಗಿ ಮೊದಲೇ ಕ್ರೋಮಿಯಂ ಬೆರೆಸಿರುತ್ತಾರೆ.

ಡಬ್ಬಿ ಮಾರುವವರು ಈ ಕಥೆಯ ಕೊನೆಯ ಅರ್ಧವನ್ನು ಮಾತ್ರ ಹೇಳುತ್ತಾರೆ. ಮೊದಲ ಅರ್ಧ ನೋಡಿ ಸ್ವಾಮಿ! ಕರುಳೇ ಇಲ್ಲದೆ, ಮೂರೂವರೆ ವರ್ಷ ಬಾಟಲಿಯಲ್ಲೇ ಬದುಕಿದವರಿಗೆ ಕೊರತೆ ಬಂತು. ಬಾಯಲ್ಲಿ ಊಟ ಮಾಡುವವರಿಗೆ ಎಲ್ಲಿಂದ ಬರುತ್ತದೆ? ಖಾಲಿ ಕೊಡಕ್ಕೆ ನೀರು ಹೊಯ್ದರೆ ತುಂಬುತ್ತದೆ. ತುಂಬಿದ ಕೊಡಕ್ಕೆ ಹೊಯ್ದರೆ ಚೆಲ್ಲುತ್ತದೆ. ರಕ್ತಕ್ಕೆ ಸೇರಿ ಹೆಚ್ಚಾದ ಕ್ರೋಮಿಯಂ ಕೂಡ ಬಹುಪಾಲು ಮೂತ್ರದಲ್ಲೇ ಹೋಗುತ್ತದೆ.

ಡಬ್ಬಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರ ಓದಿ. 'ಕ್ರೋಮಿಯಂ ಪಿಕೊಲಿನೇಟ್, 200 ಮೈಕ್ರೊಗ್ರಾಂ' ಅಂತ ಇರುತ್ತದೆ. ಅಮೆರಿಕದ ತಜ್ಞರು 2001ರಲ್ಲಿ ದಿನಕ್ಕೆ ಸಾಕು ಅಂದದ್ದು ಹೆಂಗಸರಿಗೆ 25, ಗಂಡಸರಿಗೆ 35. ಅಂದರೆ ಒಂದು ಮಾತ್ರೆ ಹೆಂಗಸರಿಗೆ ಎಂಟು ದಿನದ್ದು! ಅದರಲ್ಲೂ ರಕ್ತಕ್ಕೆ ಸೇರುವುದು ನೂರರಲ್ಲಿ ಒಂದೆರಡು ಪಾಲು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯವರಂತೂ 2014ರಲ್ಲಿ ಕ್ರೋಮಿಯಂ ಮೈಗೆ ಬೇಕೇ ಬೇಕು ಅನ್ನಲು ಸರಿಯಾದ ಪುರಾವೆಯೇ ಇಲ್ಲ ಅಂದರು.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಎರಡು ನಿಮಿಷ ಉಳಿದಿದೆಯಂತೆ. ಬೇಗ ಹೇಳಿಬಿಡುತ್ತೇನೆ. "ಚೀನಾದಲ್ಲಿ ಶುಗರ್ ಇಳಿದಿದೆಯಲ್ಲ?" ಅಂತ ಕೇಳುವವರಿದ್ದಾರೆ. ಹೌದು, 1997ರಲ್ಲಿ 180 ಜನರ ಮೇಲೆ ಆದ ಪ್ರಯೋಗ ಅದು. ಆಮೇಲೆ ಬೇರೆ ಕಡೆ ಮಾಡಿದಾಗ ಒಂದು ಹೌದು ಅಂದರೆ ಇನ್ನೊಂದು ಇಲ್ಲ ಅಂದಿತು. ಹಾಗಾದರೆ ರಕ್ತದಲ್ಲಿ ಕ್ರೋಮಿಯಂ ಎಷ್ಟಿದೆ ಅಂತ ಪರೀಕ್ಷೆ ಮಾಡಿಸೋಣವಾ? ಸುಮ್ನೆ ದುಡ್ಡು ದಂಡ. ಉಕ್ಕಿನ ಸೂಜಿಯಲ್ಲೇ ಕ್ರೋಮಿಯಂ ಇರುತ್ತದೆ, ಅದು ರಕ್ತಕ್ಕೆ ಸೇರಿ ಲೆಕ್ಕ ತಪ್ಪಿಸುತ್ತದೆ. ಕಿಡ್ನಿ ತೊಂದರೆ ಇದ್ದವರು ಡಬ್ಬಿ ಮುಟ್ಟಲೇಬೇಡಿ. ಇನ್ಸುಲಿನ್ ತಗೊಳ್ಳುವವರು, ಥೈರಾಯ್ಡ್ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಇನ್ನೊಂದು ಮಾತು, ಇದು ನನಗೆ ಸಿಟ್ಟು ಬರಿಸುವ ವಿಷಯ. ಒಬ್ಬರು ದಿನಾ ನುಂಗುವ ಶುಗರ್ ಮಾತ್ರೆ ಬಿಟ್ಟು, ಮೂರು ತಿಂಗಳು ಇದನ್ನೇ ನುಂಗಿದರು. ರಿಪೋರ್ಟ್ ನೋಡಿ ನನಗೇ ಬೆವರು ಬಂತು. ಅವರು ಮಾತ್ರ "ನ್ಯಾಚುರಲ್ ಅಂತ ಬರೆದಿತ್ತು, ಅಲ್ವಾ ಡಾಕ್ಟ್ರೇ" ಅಂದರು.

ಮನೆಯಲ್ಲಿ ಈಗಾಗಲೇ ಡಬ್ಬಿ ತಂದಿಟ್ಟುಕೊಂಡಿದ್ದರೆ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿಯ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ. ಬೈತಾರೆ ಅಂತ ಬಚ್ಚಿಡಬೇಡಿ. ಸಮಯ ಮುಗೀತು, ನಮಸ್ಕಾರ.