‘ಕೊಡ್ರಿ’ಯ ‘ರಿ’ಗೆ ಇಂಗ್ಲಿಷಿನಲ್ಲಿ ಜಾಗವೆಲ್ಲಿ?

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವುದು ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯಲ್ಲಿರುವ ನಮ್ಮ ದೊಡ್ಡವ್ವನ ಮನೆಯ ಪಡಸಾಲೆ. ತುಂಗಭದ್ರೆಯ ಆಚೆ ದಂಡೆಗೆ ಹಂಪಿ ಇರುವುದರಿಂದ ಚಳಿಗಾಲದಲ್ಲಿ ಹೊರದೇಶದವರು ಇತ್ತ ಕಡೆಯೂ ಬರುತ್ತಾರೆ. ದೊಡ್ಡವ್ವ ಹಿತ್ತಲಿನ ಎರಡು ಕೋಣೆಗಳನ್ನು ಅವರಿಗೆ ಬಾಡಿಗೆಗೆ ಕೊಡುತ್ತಾಳೆ. ಅವರೊಡನೆ ಮಾತನಾಡುವ ಕೆಲಸವನ್ನು, ಹತ್ತನೇ ತರಗತಿಯಲ್ಲಿ ಇಂಗ್ಲಿಷ್‌ಗೆ ಒಳ್ಳೆಯ ಅಂಕ ಬಂದಿತ್ತೆಂಬ ಒಂದೇ ಕಾರಣಕ್ಕೆ, ನನಗೆ ಒಪ್ಪಿಸಿದ್ದಾಳೆ. ಹಾಗೆ ಕಲಿತ ಮರ್ಯಾದೆಯ ಇಂಗ್ಲಿಷ್ ಕುರಿತು ಈ ವಿಡಿಯೊ.

ಹೊರದೇಶದ ಅತಿಥಿ ತಂಗಿದರೆ ಅವರ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸಬೇಕು. ಆದ್ದರಿಂದ ಬಂದವರಿಗೆ ನಾನು ಹೇಳುತ್ತಿದ್ದ ಮೊದಲ ಮಾತೇ ‘ಗಿವ್ ಯುವರ್ ಪಾಸ್‌ಪೋರ್ಟ್’ ಎಂಬುದಾಗಿತ್ತು. ನನ್ನ ಮನಸ್ಸಿನಲ್ಲಿದ್ದುದು ‘ಪಾಸ್‌ಪೋರ್ಟ್ ಕೊಡ್ರಿ’ ಎಂಬ ಮಾತು. ಆದರೆ ಆ ವಾಕ್ಯದ ಮರ್ಯಾದೆಯೆಲ್ಲ ಕೊನೆಯ ‘ರಿ’ಯಲ್ಲಿ ಕುಳಿತಿರುವುದರಿಂದ, ಇಂಗ್ಲಿಷಿಗೆ ದಾಟುವಾಗ ಅದು ಹೊಳೆಯ ಈಚೆಯೇ ಉಳಿದು, ಆಚೆ ದಂಡೆಗೆ ತಲುಪುತ್ತಿದ್ದುದು ಪೊಲೀಸರ ಅಪ್ಪಣೆಯಂಥ ಬರಿಯ ‘ಕೊಡು’ ಮಾತ್ರ. ಇಂಗ್ಲಿಷಿನಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿರುವುದಿಲ್ಲ, ವಾಕ್ಯದ ಮುಂಬಾಗಿಲಿನಲ್ಲೇ ನಿಂತಿರುತ್ತದೆ. ‘ಕುಡ್ ಐ ಸೀ ಯುವರ್ ಪಾಸ್‌ಪೋರ್ಟ್, ಪ್ಲೀಸ್?’ ಎಂದು ಅಪ್ಪಣೆಯನ್ನು ಪ್ರಶ್ನೆಯಾಗಿಸಿದಾಗ ಕೇಳುವವರ ಮುಖ ಸಡಿಲವಾಗುತ್ತದೆ. ‘ಕ್ಯಾನ್’ ಎಂಬುದರ ಭೂತಕಾಲದ ರೂಪವಾದ ‘ಕುಡ್’ ಇಲ್ಲಿ ಕಾಲವನ್ನು ಸೂಚಿಸದೆ ಮಾತನ್ನು ಒಂದು ಹೆಜ್ಜೆ ಹಿಂದಕ್ಕೆ ಸರಿಸಿ ಮೃದುಗೊಳಿಸುತ್ತದೆ; ಗಂಗಾವತಿಯ ಬಸ್ಸಿನಲ್ಲಿ ನಾವು ‘ಒಂದೀಟು ಸರೀರಿ’ ಎನ್ನುವಾಗ ‘ಒಂದೀಟು’ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ.

ಇಂಗ್ಲಿಷಿಗೆ ಈ ಸುತ್ತುಬಳಸು ಏಕೆ ಬೇಕಾಯಿತೆಂದು ನಾನು ಬಹಳ ಯೋಚಿಸಿದ್ದೇನೆ. ಅವರಲ್ಲಿಯೂ ಹಿಂದೆ ‘ನೀನು’ ಎನ್ನಲು ‘ದೌ’ ಇತ್ತು, ‘ಯೂ’ ಎಂಬುದು ನಮ್ಮ ‘ನೀವು’ವಿನಂತೆ ಬಹುವಚನವಾಗಿದ್ದು, ಗೌರವಕ್ಕೂ ಅದನ್ನೇ ಬಳಸುತ್ತಿದ್ದರು. 17ನೇ ಶತಮಾನದ ಹೊತ್ತಿಗೆ ದಿನಬಳಕೆಯಲ್ಲಿ ‘ದೌ’ ಬಹುಮಟ್ಟಿಗೆ ಮರೆಯಾಗಿ, ನಾಯಿಮರಿಗೂ ನ್ಯಾಯಾಧೀಶರಿಗೂ ‘ಯೂ’ ಒಂದೇ ಉಳಿಯಿತು. ಎಲ್ಲರಿಗೂ ‘ನೀವು’ ಎನ್ನತೊಡಗಿದರೆ ‘ನೀವು’ವಿನ ತೂಕವೇ ಹೋಗುತ್ತದೆಯಲ್ಲವೇ? ಆ ತೂಕವನ್ನು ‘ಪ್ಲೀಸ್’, ‘ಕುಡ್’, ‘ವುಡ್’ಗಳು ಹೊರಬೇಕಾಯಿತೆಂದು ನನ್ನ ಅನಿಸಿಕೆ. ದೊಡ್ಡವ್ವನಿಗೆ ನಾನು ‘ನೀ ಬಾ’ ಎನ್ನುತ್ತೇನೆ, ಅವಳ ಬಾಡಿಗೆದಾರರಿಗೆ ‘ನೀವು ಬರ್ರಿ’ ಎನ್ನುತ್ತೇನೆ. ಇವೆರಡರಲ್ಲಿ ಯಾವುದು ಹೆಚ್ಚಿನ ಗೌರವವೆಂದು ಇಂಗ್ಲಿಷಿನವರಿಗೆ ವಿವರಿಸಲು ಹೋಗಿ ಸೋತಿದ್ದೇನೆ.

ಈಗ ನೀವು ನೋಡುತ್ತಿರುವ ಮೋಟರು ನನ್ನ ಅತಿ ದೊಡ್ಡ ಪಾಠದ ಸಾಕ್ಷಿ. ಒಂದು ಬೆಳಗಿನ ಜಾವ ಐದೂವರೆಗೆ ಟ್ಯಾಂಕಿಗೆ ನೀರು ಏರಿಸುತ್ತಿದ್ದಾಗ, ಕೋಣೆಯಲ್ಲಿದ್ದ ಹಿರಿಯ ಮಹಿಳೆ ಶಾಲು ಹೊದ್ದು ಹೊರಬಂದು, ‘ವುಡ್ ಯೂ ಮೈಂಡ್ ಟರ್ನಿಂಗ್ ದಟ್ ಆಫ್?’ ಎಂದು ಕೇಳಿದರು. ನಾನು ನಗುಮುಖದಿಂದ ‘ಯೆಸ್, ಯೆಸ್’ ಎಂದೆ. ಟ್ಯಾಂಕಿ ತುಂಬಲು ಇನ್ನೆರಡು ನಿಮಿಷವಿದ್ದುದರಿಂದ ಹಾಗೆಯೇ ನಿಂತೆ. ಅವರು ನನ್ನನ್ನೇ ದಿಟ್ಟಿಸಿ, ಏನೂ ಹೇಳದೆ ಒಳಹೋದರು. ಅವರು ಕೇಳಿದ್ದು ‘ಅದನ್ನು ಆರಿಸಿದರೆ ನಿಮ್ಮ ಅಭ್ಯಂತರವಿದೆಯೇ’ ಎಂದು. ನಾನು ಹಲ್ಲು ಕಿರಿದು ‘ಇದೆ, ಇದೆ’ ಎಂದಿದ್ದೆ. ಒಪ್ಪಿಗೆ ಇದ್ದಾಗ ‘ನಾಟ್ ಅಟ್ ಆಲ್’ ಎನ್ನಬೇಕೆಂದು, ಅಂದರೆ ಹೌದು ಎನ್ನಲು ಇಲ್ಲ ಎನ್ನಬೇಕೆಂದು, ನನಗೆ ತಿಳಿದದ್ದು ಆ ದಿನ ಮಧ್ಯಾಹ್ನ.

ನಡತೆಯನ್ನು ಬಣ್ಣಿಸುವ ಪದಗಳಲ್ಲಿಯೂ ನಾವು ಎಡವುತ್ತೇವೆ. ‘ಮ್ಯಾನರ್’ ಎಂದರೆ ರೀತಿ. ನಡವಳಿಕೆಯ ಅರ್ಥ ಬರಬೇಕಾದರೆ ‘ಮ್ಯಾನರ್ಸ್’ ಎಂದೇ ಹೇಳಬೇಕು. ನಾವು ಬೈಗುಳವಾಗಿ ಧಾರಾಳವಾಗಿ ಬಳಸುವ ‘ಮ್ಯಾನರ್‌ಲೆಸ್’ ಎಂಬುದರ ಬದಲು ಅವರು ‘ಇಲ್-ಮ್ಯಾನರ್ಡ್’ ಅಥವಾ ಸರಳವಾಗಿ ‘ರೂಡ್’ ಎನ್ನುವುದೇ ಹೆಚ್ಚು. ‘ಪೊಲೈಟ್’ ಆಗಿರುವವರು ಮಾತಿನಲ್ಲಿ ತಪ್ಪುವುದಿಲ್ಲ, ಆದರೆ ‘ಕನ್ಸಿಡರೇಟ್’ ಆಗಿರುವವರು ಪಕ್ಕದ ಕೋಣೆಯಲ್ಲಿ ಜನ ಮಲಗಿದ್ದಾರೆಂದು ನೆನೆದು ಐದೂವರೆಗೆ ಮೋಟರು ಹಾಕುವುದಿಲ್ಲ. ನಮ್ಮ ಭಾಗದ ಜನರಿಗೆ ಚೆನ್ನಾಗಿ ಹೊಂದುವ ಪದ ‘ಬ್ಲಂಟ್’. ಮೊಂಡು ಕುಡುಗೋಲಿಗೂ ಅದೇ ಪದವೇ. ಮನುಷ್ಯರಿಗೆ ಹೇಳಿದಾಗ, ಕೇಳುವವರಿಗೆ ಹೇಗಾದೀತೆಂದು ಲೆಕ್ಕಿಸದೆ ಇದ್ದದ್ದನ್ನು ಇದ್ದಂತೆ ಆಡುವವರು ಎಂದರ್ಥ. ನಾವು ನಿಷ್ಠುರದ ಮನುಷ್ಯ ಎನ್ನುವುದು ಅಂಥವರನ್ನೇ. ‘ರೂಡ್’ ಎಂಬುದರಲ್ಲಿರುವ ತಿರಸ್ಕಾರ ಇದರಲ್ಲಿಲ್ಲ.

‘ಪೊಲೈಟ್’ನ ಲ್ಯಾಟಿನ್ ಮೂಲದಲ್ಲಿ ಉಜ್ಜಿ ನಯಗೊಳಿಸಿದ್ದು ಎಂಬ ಅರ್ಥವಿದೆ, ‘ರೂಡ್’ನ ಮೂಲದಲ್ಲಿ ಇನ್ನೂ ಕೆತ್ತದ ಒರಟು ವಸ್ತುವಿದೆ, ಸುತ್ತಲೂ ಬಂಡೆಗಳೇ ಇರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕರ್ಟಸಿ’ ಹುಟ್ಟಿದ್ದು ರಾಜರ ಆಸ್ಥಾನದಲ್ಲಿ, ‘ಅರ್ಬೇನ್’ ಎಂಬ ಹೊಗಳಿಕೆ ನಗರದಲ್ಲಿ. ಆದರೆ ಅಸಭ್ಯನನ್ನು ಹೀಗಳೆಯುವ ‘ಬೂರ್’ (boor) ಎಂಬ ಪದಕ್ಕೆ ಮೊದಲಿದ್ದ ಅರ್ಥ ರೈತ, ‘ವಿಲನ್’ ಎಂಬುದಕ್ಕೆ ಮೊದಲಿದ್ದ ಅರ್ಥ ಹಳ್ಳಿಯವನು. ಭತ್ತದ ಗದ್ದೆಯಲ್ಲಿ ಬೆಳೆದ ನನಗೆ ಇದನ್ನು ಓದಿ ಸಿಟ್ಟೇ ಬಂದಿತ್ತು. ಆದರೆ ನಗರದಿಂದ ‘ನಾಗರಿಕ’ನನ್ನೂ ಗ್ರಾಮದಿಂದ ‘ಗ್ರಾಮ್ಯ’ವನ್ನೂ ಮಾಡಿಕೊಂಡಿರುವ ನಾವು ಯಾರನ್ನು ದೂರುವುದು?

‘ಥ್ಯಾಂಕ್ಯೂ’ ಎಂಬುದಕ್ಕೆ ಶಾಲೆಯಲ್ಲಿ ಕಲಿತ ‘ಮೆನ್ಷನ್ ನಾಟ್’ ಎಂಬ ಉತ್ತರ ನಮ್ಮ ದೇಶದಲ್ಲಷ್ಟೇ ಓಡುವ ನಾಣ್ಯ. ‘ಯು ಆರ್ ವೆಲ್ಕಮ್’ ಎಂದರೆ ಎಲ್ಲಿಯೂ ನಡೆಯುತ್ತದೆ. ದೊಡ್ಡವ್ವನಿಗಂತೂ ಥ್ಯಾಂಕ್ಯೂ ಕೇಳಿದರೇ ಮುಜುಗರ. ಬಂದವರ ಕೈಗೆ ಅವಳು ಮೊದಲು ಕೊಡುವುದು ಒಂದು ಚರಿಗೆ ನೀರು, ಅದಕ್ಕೂ ಅವರು ಥ್ಯಾಂಕ್ಯೂ ಎಂದರೆ ‘ನೀರಿಗೂ ಲೆಕ್ಕ ಇಡ್ತಾರೇನೋ ಇವರು’ ಎಂದು ನನ್ನನ್ನು ಕೇಳುತ್ತಾಳೆ.

ಮೋಟರಿನ ಆ ಮಹಿಳೆ ಹೊರಡುವ ದಿನ ಫೋನಿನಲ್ಲಿ ನೋಡಿಕೊಂಡು ‘ನಾನು ಹೋಗುತ್ತೇನೆ’ ಎಂದು ದೊಡ್ಡವ್ವನಿಗೆ ಕನ್ನಡದಲ್ಲಿಯೇ ಹೇಳಿದರು. ‘ಹಂಗ ಅನಬಾರದು, ಹೋಗಿ ಬರ್ತೀನಿ ಅನಬೇಕು ಅಂತ ಹೇಳು’ ಎಂದಳು ಅವಳು. ನಾನು ‘ಗೋ ಆ್ಯಂಡ್ ಕಮ್’ ಎಂದು ಅನುವಾದಿಸಿದೆ. ಅವರು ಚೀಲವನ್ನು ಕೆಳಗಿಟ್ಟು, ಎಷ್ಟು ಗಂಟೆಗೆ ಮರಳಿ ಬರಬೇಕೆಂದು ಗಂಭೀರವಾಗಿಯೇ ಕೇಳಿದರು.